ಪಂಪು ಬದಲಿಸಿದರೂ ಹೋಗದ ಸ್ಟೇರಿಂಗ್ ದೋಷ: ಸರ್ವೀಸ್ ಸೆಂಟರ್‌ಗೆ ದೂರು

ಇವರಿಗೆ,
ಸರ್ವೀಸ್ ಮ್ಯಾನೇಜರ್,
ದಾವಣಗೆರೆ

ವಿಷಯ: ಪವರ್ ಸ್ಟೇರಿಂಗ್ ರಿಪೇರಿಯ ಬಗ್ಗೆ ದೂರು

ಮಾನ್ಯರೇ,

ಕಳೆದ ತಿಂಗಳು ನನ್ನ ಕಾರಿನ ಪವರ್ ಸ್ಟೇರಿಂಗ್ ಪಂಪು ಬದಲಿಸಿ ₹14,800 ಬಿಲ್ ಮಾಡಿದಿರಿ. ಹಳೆಯದರಲ್ಲಿ ಏನು ಕೆಟ್ಟಿತ್ತೆಂದು ಜಾಬ್ ಕಾರ್ಡಿನಲ್ಲಿ ಒಂದು ಸಾಲೂ ಇಲ್ಲ. ಕಾರು ಬಿಡುವಾಗ ನಾನು ಹೇಳಿದ್ದು ಇಷ್ಟೇ: ಹೆದ್ದಾರಿಯಲ್ಲಿ ಸ್ಟೇರಿಂಗ್ ಇದ್ದಕ್ಕಿದ್ದಂತೆ ತೀರಾ ಹಗುರವಾಗುತ್ತದೆ. "ಪಂಪು ಹೋಗಿದೆ ಸರ್" ಅಂದರು ನಿಮ್ಮ ಸೂಪರ್‌ವೈಸರ್. ಪಂಪು ಹೋದರೆ ಎಣ್ಣೆಯ ಒತ್ತಡ ಇಳಿದು ಸ್ಟೇರಿಂಗ್ ಬಿಗಿಯಾಗಬೇಕಲ್ಲವೇ ಸ್ವಾಮಿ? ನನ್ನದು ಅದರ ತಿರುಗುಮುರುಗು.

ಈ ಕಾರಿನದು ವೇಗಕ್ಕೆ ತಕ್ಕಂತೆ ಹದ ಬದಲಿಸುವ ಹೈಡ್ರಾಲಿಕ್ ಸ್ಟೇರಿಂಗ್. ಎಂಜಿನ್ ಬೆಲ್ಟಿನಿಂದ ತಿರುಗುವ ಪಂಪು ಒತ್ತಡ ಕೊಡುತ್ತದೆ, ಅಷ್ಟೇ ಅದರ ಕೆಲಸ. ತಿರುಗಿಸುವ ಕೈಗೆ ಎಷ್ಟು ನೆರವು ಸಿಗಬೇಕೆನ್ನುವುದನ್ನು ಕಂಟ್ರೋಲ್ ಯೂನಿಟ್ ಸ್ಪೀಡ್ ಸೆನ್ಸರ್ ಸಿಗ್ನಲ್ ನೋಡಿ, ಸೊಲೆನಾಯ್ಡ್ ವಾಲ್ವಿನ (ಕರೆಂಟಿನಿಂದ ಎಣ್ಣೆಯ ದಾರಿ ತೆರೆದು ಮುಚ್ಚುವ ವಾಲ್ವು) ಕರೆಂಟ್ ಹೆಚ್ಚುಕಡಿಮೆ ಮಾಡಿ ಹದಕ್ಕೆ ತರುತ್ತದೆ. ಮಂಡಿಪೇಟೆಯ ಓಣಿಯಲ್ಲಿ ಕಾರು ತಿರುಗಿಸುವಾಗ ಹಗುರವಿರಬೇಕು. 80 ದಾಟಿದ ಮೇಲೆ ನೆರವು ತಗ್ಗಿ ಕೈಗೆ ಬಿಗಿ ಹತ್ತಬೇಕು.

ಮೊನ್ನೆ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೊರಟಿದ್ದೆ. ಭರಮಸಾಗರ ದಾಟಿದ್ದೇ ಅಡ್ಡಗಾಳಿ (ಆ ಕಡೆಯ ಗಾಳಿ ಎಂಥದ್ದೆಂದು ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ಕೇಳಿ). ಪಕ್ಕದಲ್ಲಿ ಲಾರಿ. ಸ್ಪೀಡೋಮೀಟರ್ ಮುಳ್ಳು 85ರಿಂದ ಸೊನ್ನೆಗೆ ಬಿತ್ತು. ಆಗಲೇ ಸ್ಟೇರಿಂಗ್ ಬೆರಳಲ್ಲಿ ತಿರುಗುವಷ್ಟು ಹಗುರವಾಯಿತು. ಸ್ವಲ್ಪ ಕೈ ಅಲುಗಿದ್ದಕ್ಕೇ ಕಾರು ಲೇನು ಬಿಟ್ಟಿತು. ಮುಳ್ಳು ಮೇಲೆದ್ದಾಗ ಸ್ಟೇರಿಂಗೂ ಬಿಗಿಯಾಯಿತು. ದುರ್ಗ ಮುಟ್ಟುವಷ್ಟರಲ್ಲಿ ಮೂರು ಸಲ ಹೀಗಾಯಿತು. ಅಮ್ಮ ವಾಪಸ್ ಬಸ್ಸಲ್ಲೇ ಬಂದರು, ಕಾರು ಹತ್ತಲಿಲ್ಲ.

ಮುಳ್ಳು, ಸ್ಟೇರಿಂಗ್ ಎರಡೂ ಒಟ್ಟಿಗೇ ಕೆಡುತ್ತವೆಂದರೆ ಎರಡಕ್ಕೂ ಹೋಗುವ ಸ್ಪೀಡ್ ಸಿಗ್ನಲ್ ಕಡಿದು, ಕಾರು ನಿಂತಿದೆಯೆಂದೇ ಯೂನಿಟ್ ತಿಳಿಯುತ್ತಿರಬೇಕು ಎಂಬುದು ನನ್ನ ಅನುಮಾನ. ಮುಳ್ಳು ಬೀಳುವ ಸಂಗತಿಯನ್ನು ನಿಮ್ಮಲ್ಲಿಗೆ ಬಂದ ಮೊದಲ ದಿನವೇ ಹೇಳಿದ್ದೆ. "ಅದು ಬೇರೆ ಕಂಪ್ಲೇಂಟ್, ಬೇರೆ ಎಸ್ಟಿಮೇಟ್ ಆಗುತ್ತೆ" ಎಂಬ ಉತ್ತರ ಸಿಕ್ಕಿತು!

ಸೆನ್ಸರ್, ಅದರ ವೈರ್, ಕನೆಕ್ಟರ್, ಸೊಲೆನಾಯ್ಡ್ ಇಷ್ಟನ್ನೂ ನನ್ನೆದುರೇ ಸ್ಕ್ಯಾನರ್ ಹಾಕಿ ಪರೀಕ್ಷಿಸಿ, ಲೇಬರ್ ಚಾರ್ಜ್ ಇಲ್ಲದೆ ಸರಿಪಡಿಸಿಕೊಡಿ. ಬಿಚ್ಚಿದ ಹಳೆಯ ಪಂಪು ನನಗೆ ಬೇಕು. ಅದು ಚೆನ್ನಾಗಿದ್ದರೆ ಪಂಪಿನ ಹಣ ವಾಪಸ್ ಕೊಡಿ. 7 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ ಮತ್ತು ಜಾಬ್ ಕಾರ್ಡಿನ ಪ್ರತಿ ಲಗತ್ತಿಸಿದ್ದೇನೆ.

ಕಾರು ಮನೆ ಮುಂದೆ ನಿಂತಿದೆ. ನಾನು ಓಡಿಸಿಕೊಂಡು ಬರುವುದಿಲ್ಲ. ನಿಮ್ಮ ಖರ್ಚಿನಲ್ಲೇ ಟೋ ಮಾಡಿಸಿ.

ಇಂತಿ,
ನಿಮ್ಮ ಗ್ರಾಹಕ