ಸೆಲ್ಫ್ ಹೊಡೆಯದ ಮಿನಿ ಟ್ರ್ಯಾಕ್ಟರ್ ಮತ್ತು ನನಗೆ ಕಲಿಸಿದ ಕ್ಲಚ್ ಪಾಠದ ಕುರಿತು ದೂರು

ಚನ್ನಗಿರಿ ತಾಲ್ಲೂಕು
ನವೆಂಬರ್ 18

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ನಾಲ್ಕು ದಿನ ಕಾದೆ. ಇಳಿಯಲಿಲ್ಲ. ನಿಮ್ಮ ಟೋಲ್ ಫ್ರೀ ನಂಬರಿಗೆ ಹನ್ನೊಂದು ಸಲ ಫೋನ್ ಮಾಡಿದ್ದೇನೆ. ಮೊದಲ ಹತ್ತು ಸಲ 'ಮೇಲಿನವರಿಗೆ ತಿಳಿಸುತ್ತೇವೆ' ಎಂದಿರಿ. ಹನ್ನೊಂದನೇ ಸಲ ಏನೆಂದಿರಿ ಎಂಬುದನ್ನು ಕೊನೆಗೆ ಬರೆಯುತ್ತೇನೆ, ಈಗಲೇ ಬರೆದರೆ ಮರ್ಯಾದೆಯ ಭಾಷೆ ಉಳಿಯುವುದಿಲ್ಲ.

ಜೂನ್‌ನಲ್ಲಿ 4,65,000 ರೂಪಾಯಿ ಕೊಟ್ಟು ನಿಮ್ಮ ಮಿನಿ ಟ್ರ್ಯಾಕ್ಟರ್ ತಗೊಂಡೆ. ಅಡಿಕೆ ಸಾಲಿನ ನಡುವೆ ನುಸುಳುವ ಗಾಡಿ, ಆ ವಿಷಯದಲ್ಲಿ ತಕರಾರಿಲ್ಲ. ಸೆಪ್ಟೆಂಬರ್‌ನಲ್ಲಿ ಕೊಯ್ಲು ಶುರುವಾಗುತ್ತಿದ್ದಂತೆ ರೋಗ ಹಿಡಿಯಿತು. ಬೆಳಿಗ್ಗೆ ಕೀ ತಿರುಗಿಸಿದರೆ 'ಟಕ್' ಎಂದು ಒಂದೇ ಸದ್ದು. ಲೈಟು ಉರಿಯುತ್ತದೆ, ಹಾರ್ನು ಪಕ್ಕದೂರಿಗೆ ಕೇಳುತ್ತದೆ, ಇಂಜಿನ್ ಎಬ್ಬಿಸುವ ಮೋಟಾರು, ಅಂದರೆ ಸೆಲ್ಫ್, ಮಾತ್ರ ತಿರುಗುವುದಿಲ್ಲ. ಏಳೆಂಟು ಸಲ ತಿರುಗಿಸಿದರೆ ಒಮ್ಮೆ ನರಳಿಕೊಂಡು ಎದ್ದೇಳುತ್ತದೆ. ಅಷ್ಟರಲ್ಲಿ ಕೊನೆಗಾರ ಗೊನೆ ಇಳಿಸಿ ಬೀಡಿ ಹಚ್ಚಿರುತ್ತಾನೆ. ಸುಲಿಯುವುದು ತಡವಾದರೆ ಅಡಿಕೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಮಂಡಿಯಲ್ಲಿ ದರ ಕೆಡುತ್ತದೆ. ಇದನ್ನು ನಿಮಗೆ ಹೇಳಬೇಕಿಲ್ಲ, ನಿಮ್ಮ ಜಾಹೀರಾತಿನಲ್ಲಿ ಅಡಿಕೆ ತೋಟವೇ ಇದೆ.

ಮೊದಲ ಸಲ ಬಂದ ನಿಮ್ಮ ಮೆಕ್ಯಾನಿಕ್, ವೋಲ್ಟ್ ಅಳೆಯುವ ಮೀಟರ್ ಹೊರಗೆ ತೆಗೆಯದೆಯೇ 'ಬ್ಯಾಟರಿ ಸತ್ತಿದೆ' ಎಂದ. ಬ್ಯಾಟರಿಗೆ ವಾರಂಟಿ ಬೇರೆ ಕಂಪನಿಯದು, ತಡವಾಗುತ್ತದೆ ಎಂದು ಹೊಸದನ್ನು ನನ್ನ ದುಡ್ಡಿನಲ್ಲೇ ಹಾಕಿಸಿದ, 5,200. ಹತ್ತೇ ದಿನ. ಎರಡನೇ ಸಲ ರಿಲೇ ಬದಲಾಯಿಸಿದ, ಪೆಡಲ್ ಕೆಳಗೆ ಮಲಗಿ ಇನ್ನೇನೋ ಮಾಡಿದ. ಅದೇನೆಂದು ಆಮೇಲೆ ಗೊತ್ತಾಯಿತು. ಮೂರನೇ ಸಲ 'ಸರ್ವಿಸ್ ಸೆಂಟರಿಗೇ ತನ್ನಿ' ಎಂದರು. ಟೆಂಪೊ ಬಾಡಿಗೆ 1,800 ಕೊಟ್ಟು ಹೇರಿಕೊಂಡು ಹೋದೆ.

ಅಲ್ಲಿ ನಡೆದದ್ದನ್ನು ಬಿಡದೆ ಬರೆಯುತ್ತೇನೆ, ದಯವಿಟ್ಟು ಓದಿ.

ಹನ್ನೊಂದೂಕಾಲು ಗಂಟೆ. ನಾಲ್ಕು ಪ್ಲಾಸ್ಟಿಕ್ ಕುರ್ಚಿ, ನಾಲ್ಕರಲ್ಲೂ ಜನ. ಅವರಲ್ಲಿ ಒಬ್ಬರು ನಮ್ಮ ಬೀಗರ ಊರಿನವರು. ಇಸ್ತ್ರಿ ಹಾಕಿದ ಟೀ ಶರ್ಟಿನ ಅಡ್ವೈಸರ್ ಹುಡುಗ ಬಂದ. 'ಗಾಡಿ ಓಡ್ಸೋರು ಯಾರು?' ನಾನೇ ಎಂದೆ. 'ನೀವಾ? ಮನೇಲಿ ಹುಡುಗ್ರು ಯಾರೂ ಇಲ್ವಾ ಅಜ್ಜಾರೆ?' ನನಗೆ ಅರವತ್ತೊಂದು. ಹುಡುಗರಿದ್ದಾರೆ, ಓಡಿಸುವವನು ನಾನು ಎಂದೆ. 'ಸರಿ, ಹತ್ತಿ ಕೂತ್ಕಳ್ರಿ.' ಹತ್ತಿದೆ. 'ಕ್ಲಚ್ ತುಳೀರಿ. ಪೂರ್ತಿ. ಇನ್ನೂ. ಹಾಂ. ಈಗ ಗೇರ್ ಲಿವರ್ ಅಲ್ಲಾಡಿಸಿ ನೋಡ್ರಿ, ನ್ಯೂಟ್ರಲ್ ಐತಾ? ಐತಲ್ಲಾ? ಈಗ ಕೀ.' ತಿರುಗಿಸಿದೆ. ಸ್ಟಾರ್ಟ್ ಆಯಿತು. 'ನೋಡ್ರಿ, ಆತು! ಗಾಡೀಲಿ ಏನೂ ಇಲ್ಲ, ಕ್ಲಚ್ ಅರ್ಧ ತುಳೀತೀರಿ ನೀವು.' ಕುರ್ಚಿಯಲ್ಲಿದ್ದ ಯಾರೋ ನಕ್ಕರು. ಅಷ್ಟಕ್ಕೆ ಬಿಡಲಿಲ್ಲ. 'ಇಳೀರಿ, ಇನ್ನೊಂದ್ಸಲ ಹತ್ರಿ, ರೂಢಿ ಆಗ್ಲಿ.' ಮೂರು ಸಲ ಹತ್ತಿಸಿ ಇಳಿಸಿದ. ಮೂರನೇ ಸಲ 'ಕ್ಲಚ್ಚು, ನ್ಯೂಟ್ರಲ್ಲು, ಕೀ' ಎಂದು ಬಾಯಲ್ಲಿ ಹೇಳಿಸಿದ. ನಾನೂ ಹೇಳಿದೆ, ಯಾಕೆ ಹೇಳಿದೆನೋ ಇವತ್ತಿಗೂ ತಿಳಿಯದು. ಬೀಗರ ಊರಿನವರು ಹೊರಡುವಾಗ ಹೆಗಲ ಮೇಲೆ ಕೈಯಿಟ್ಟು, 'ಇರ್ಲಿ ಬಿಡಿ, ವಯಸ್ಸಾದ್ಮೇಲೆ ಹಂಗೇ' ಎಂದರು. ಸಂಜೆಗೆ ಮಗಳ ಫೋನು: 'ಅಪ್ಪಾ, ಗಾಡಿ ಓಡ್ಸೋದು ಬಿಡು ಇನ್ನ.'

ಜಾಬ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದು ಸಹಿ ಹಾಕಿಸಿಕೊಂಡಿರಿ. ಸೊಸೆ ಓದಿ ಹೇಳಿದಳು: 'ಗಾಡಿಯಲ್ಲಿ ದೋಷವಿಲ್ಲ. ಗ್ರಾಹಕರಿಗೆ ಚಾಲನೆ ಕಲಿಸಿಕೊಡಲಾಗಿದೆ.'

ಮಾನ್ಯರೇ, ತೋಟಕ್ಕೆ ಇಳಿಯುವ ಮೊದಲು ನಾನು ಇಪ್ಪತ್ತೆರಡು ವರ್ಷ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡಿದವನು. ನಿಮ್ಮ ಹುಡುಗ ನನಗೆ ಕಲಿಸುತ್ತಿದ್ದಾಗ ನನ್ನ ಕಣ್ಣು ಬಾನೆಟ್ಟಿನ ಕಡೆಗಿತ್ತು. ಗಾಡಿಗೆ ಹೊರಗಿನ ಬ್ಯಾಟರಿಯಿಂದ ಕರೆಂಟು ಕೊಡುವ ಜಂಪರ್ ಕೇಬಲ್ ಹಾಕಿಯೇ ಇಟ್ಟಿದ್ದಿರಿ: ಕೆಂಪು ಕ್ಲಿಪ್ಪು ಬ್ಯಾಟರಿಗೆ, ಕಪ್ಪು ಕ್ಲಿಪ್ಪು ಇಂಜಿನ್ನಿನ ಬೋಲ್ಟಿಗೆ. ಮನೆಗೆ ಬಂದು ಮೀಟರ್ ಹಿಡಿದೆ. ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್, ಕೀ ತಿರುಗಿಸಿದಾಗ 11.7. ಸತ್ತ ಬ್ಯಾಟರಿಯಾಗಿದ್ದರೆ ಒಂಬತ್ತರ ಆಚೀಚೆಗೆ ಕುಸಿಯಬೇಕಿತ್ತು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಗೇರ್ ಬಾಕ್ಸಿನ ಮೈಗೆ ಇಟ್ಟು ಕೀ ತಿರುಗಿಸಿದೆ: 4.8. ಅರ್ಧ ವೋಲ್ಟ್ ದಾಟಬಾರದ ಜಾಗ ಅದು. ಅಂದರೆ ಸೆಲ್ಫಿಗೆ ಸಿಗುತ್ತಿದ್ದದ್ದು ಏಳು ವೋಲ್ಟಿಗೂ ಕಮ್ಮಿ. ಲೈಟಿಗೆ ಹತ್ತು ಆಂಪ್ ಸಾಕು, ಅದು ಉರಿಯುತ್ತದೆ. ಸೆಲ್ಫ್ ಕೇಳುವುದು ನೂರರ ಮೇಲೆ. ಬೋಲ್ಟ್ ಬಿಚ್ಚಿದೆ. ಬ್ಯಾಟರಿಯ ಮೈನಸ್ಸನ್ನು ಗಾಡಿಯ ಮೈಗೆ ಸೇರಿಸುವ ಅರ್ತ್ ಪಟ್ಟಿಯನ್ನು ನಿಮ್ಮ ಕಾರ್ಖಾನೆಯವರು ಕರೆಂಟು ಹರಿಯದ ಬಣ್ಣದ ಮೇಲೇ ಬಿಗಿದಿದ್ದಾರೆ. ಬಣ್ಣ ಚೆನ್ನಾಗಿದೆ, ಒಪ್ಪುತ್ತೇನೆ. ಎಮರಿ ಪೇಪರಿನಲ್ಲಿ ಉಜ್ಜಿ ಬಿಗಿದೆ. ಇಪ್ಪತ್ತು ನಿಮಿಷ. ಈಗ ಅಲ್ಲಿ 0.2. ಹದಿನಾರು ದಿನದಿಂದ ಮೊದಲ ಕೀಗೇ ಸ್ಟಾರ್ಟ್. ನಿಮ್ಮಲ್ಲಿ ಅವತ್ತು ಸ್ಟಾರ್ಟ್ ಆದದ್ದು ಜಂಪರಿನ ಕಪ್ಪು ಕ್ಲಿಪ್ಪು ಈ ಪಟ್ಟಿಯನ್ನು ತಪ್ಪಿಸಿ ನೇರ ಇಂಜಿನ್ನಿಗೆ ಹಿಡಿದಿದ್ದಕ್ಕೆ, ನನ್ನ ಕಾಲಿನಿಂದಲ್ಲ.

ನಿಜವಾಗಿ ಎದೆ ಧಸಕ್ಕೆಂದದ್ದು ಅದೇ ದಿನ. ಕ್ಲಚ್ ತುಳಿಯದೆ, ಮರೆತು ಕೀ ತಿರುಗಿಸಿದೆ. ಗಾಡಿ ಎದ್ದಿತು. ಬೋರಲು ಮಲಗಿ ನೋಡಿದರೆ, ಕ್ಲಚ್ ತುಳಿಯದೆ ಸ್ಟಾರ್ಟ್ ಆಗದಂತೆ ತಡೆಯುವ ಕ್ಲಚ್ ಸ್ವಿಚ್ಚಿನ ಎರಡು ವೈರನ್ನು ಕಿತ್ತು ಒಂದಕ್ಕೊಂದು ಹೊಸೆದು ಕಪ್ಪು ಟೇಪು ಸುತ್ತಿದ್ದಾರೆ. ಎರಡನೇ ಸಲ ಪೆಡಲ್ ಕೆಳಗೆ ಮಲಗಿ ಮಾಡಿದ ರಿಪೇರಿ ಇದು. ಆ ಸ್ವಿಚ್ಚನ್ನು ತಪ್ಪಿಸಕೂಡದು ಎಂದು ನೀವೇ ಕೊಟ್ಟ ಪುಸ್ತಕದಲ್ಲಿ ದಪ್ಪಕ್ಷರದಲ್ಲಿದೆ. ನೆಲದ ಮೇಲೆ ನಿಂತೇ ಕೀ ತಿರುಗಿಸುವವರು ನಮ್ಮಲ್ಲಿ ಎಷ್ಟು ಜನ! ಗೇರಿನಲ್ಲಿದ್ದ ಗಾಡಿ ಹಾಗೆ ಎದ್ದು ಮೈಮೇಲೆ ಬಂದರೆ ಜಾಬ್ ಕಾರ್ಡಿನಲ್ಲಿ ಏನು ಬರೆಯುತ್ತಿದ್ದಿರಿ? ಇನ್ನೊಂದು ಮಾತು. ಅವತ್ತು ನಿಮ್ಮ ಹುಡುಗ ನನ್ನಿಂದ ಮೂರು ಸಲ ಕ್ಲಚ್ ತುಳಿಸಿದಾಗ ಆ ಕ್ಲಚ್ಚಿಗೂ ಸ್ಟಾರ್ಟಿಗೂ ಸಂಬಂಧವೇ ಇರಲಿಲ್ಲ. ನಾನು ತುಳಿದರೂ ಒಂದೇ, ಅವನು ತುಳಿದರೂ ಒಂದೇ, ಬೀಗರ ಊರಿನವರು ತುಳಿದರೂ ಒಂದೇ.

ಇದನ್ನೆಲ್ಲ ಹೇಳಲು ಮಾಡಿದ್ದೇ ಹನ್ನೊಂದನೇ ಫೋನು. ಉತ್ತರ: 'ಬೋಲ್ಟ್ ನೀವೇ ಬಿಚ್ಚಿದ್ದೀರಿ ಸಾರ್, ವಾರಂಟಿ ಹೋಯ್ತು.'

ಬ್ಯಾಟರಿಯ ದುಡ್ಡು, ಟೆಂಪೊ ಬಾಡಿಗೆ ವಾಪಸ್ ಕೊಡಿ. ವಾರಂಟಿ ಇದೆ ಎಂದು ಬರೆದು ಕೊಡಿ. ಜಾಬ್ ಕಾರ್ಡಿನ ಆ ಸಾಲು ಹೊಡೆದು ಹಾಕಿ, ಕನ್ನಡದಲ್ಲಿ ಇನ್ನೊಂದು ಬರೆದು ಸೀಲು ಹಾಕಿ ಕೊಡಿ. ಅದನ್ನು ನಾನು ಬೀಗರ ಮನೆಗೆ ಒಯ್ಯಬೇಕು.

ಹದಿನೈದು ದಿನ ನೋಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾನಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು, ಐದು ಲಕ್ಷದೊಳಗಿನ ಖರೀದಿಗೆ ಶುಲ್ಕವೂ ಇಲ್ಲ. ದಾವಣಗೆರೆಗೆ ಬಸ್ಸಿಗೆ ಬರವಿಲ್ಲ. ಟೇಪು ಸುತ್ತಿದ ವೈರನ್ನು ಬಿಚ್ಚುವ ಮೊದಲು ಮಗ ವಿಡಿಯೊ ಮಾಡಿದ್ದಾನೆ. ಅದು ಆಯೋಗಕ್ಕೆ. ಊರಿಗೆ ಬೇರೆಯೇ ಇದೆ. ಮುಂದಿನ ತಿಂಗಳು ನಮ್ಮ ಸೊಸೈಟಿ ಮುಂದೆ ನಿಮ್ಮ ಡೆಮೊ ಇದೆಯಂತೆ, ಬ್ಯಾನರ್ ಕಟ್ಟಿದ್ದಾರೆ. ನಾನೂ ಬರುತ್ತೇನೆ. ಸಾಲಾಗಿ ನಿಲ್ಲಿಸಿದ ಒಂದೊಂದು ಗಾಡಿಯ ಅರ್ತನ್ನೂ ಎಲ್ಲರೆದುರು ಅಳೆದು, ಅಂಕಿಯನ್ನು ಜೋರಾಗಿ ಕೂಗಿ ಹೇಳುತ್ತೇನೆ. ಮೀಟರಿಗೆ ಹೊಸ ಸೆಲ್ ಹಾಕಿಟ್ಟಿದ್ದೇನೆ.

ಇಂತಿ,
ಚಾಲನೆ ಕಲಿಸಿಕೊಡಲ್ಪಟ್ಟ ಗ್ರಾಹಕ