ಪಪ್ಪಾಯಿಯ ಮೇಲಾದರೂ ಕೈ ಪಳಗಲಿ

ಮಾನ್ಯ ಸಂಪಾದಕರೇ,

ನಾನು ಬಹುಕಾಲ ಪ್ರಸೂತಿ ಶಾಸ್ತ್ರ ಕಲಿಸಿದವಳು. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಗರ್ಭಪಾತದ ಪ್ರಶ್ನೆ ಬಂದರೆ ವಿದ್ಯಾರ್ಥಿಗಳು ಕಾನೂನಿನ ಕಲಮುಗಳನ್ನೂ ವಾರಗಳ ಲೆಕ್ಕವನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದರು. ‘ಸರಿ, ಗರ್ಭಕೋಶ ಪೂರ್ತಿ ಖಾಲಿಯಾಯಿತೆಂದು ನಿನ್ನ ಕೈಗೆ ಹೇಗೆ ಗೊತ್ತಾಗುತ್ತದೆ?’ ಎಂದು ಕೇಳಿದರೆ ತಲೆ ತಗ್ಗಿಸುತ್ತಿದ್ದರು. ತಪ್ಪು ಅವರದಲ್ಲ. ಅವರಿಗೆ ಅದನ್ನು ತೋರಿಸಿದವರೇ ಇರಲಿಲ್ಲ.

ಗರ್ಭಪಾತವೆಂದರೆ ವಾದವಿವಾದದ ವಿಷಯ, ತರಬೇತಿಯಲ್ಲಿ ಅದನ್ನು ಆದಷ್ಟು ಬೇಗ ದಾಟಿಬಿಡೋಣ ಎಂಬ ಧೋರಣೆ ಎಷ್ಟೋ ಕಡೆ ಇದೆ. ಆದರೆ ಗರ್ಭಿಣಿಯೆಂದು ಖಚಿತವಾದವರಲ್ಲಿ ನೂರಕ್ಕೆ 10ರಿಂದ 15 ಮಂದಿಗೆ ಗರ್ಭ ತಾನಾಗಿಯೇ ಬಿದ್ದುಹೋಗುತ್ತದೆ. ಒಳಗೆ ಅರ್ಧಂಬರ್ಧ ಉಳಿದದ್ದನ್ನು ತೆಗೆಯುವ ವಿಧಾನವೂ ಬೇಡವಾದ ಗರ್ಭವನ್ನು ತೆಗೆಯುವ ವಿಧಾನವೂ ಒಂದೇ. ಗುಳಿಗೆಗಳೂ ಅವೇ. ಒಂದನ್ನು ಕಲಿಸದೆ ಬಿಟ್ಟರೆ ಇನ್ನೊಂದೂ ಬಾರದು. ಮಗು ಬೇಕೆಂದು ಹಂಬಲಿಸಿ, ಮೂರನೆಯ ತಿಂಗಳಲ್ಲಿ ರಕ್ತ ಸುರಿಸುತ್ತ ನಡುರಾತ್ರಿ ಬರುವವಳೇ ಅದರ ಬೆಲೆ ತೆರುತ್ತಾಳೆ.

ಕಲಿಸುವುದು ಕಷ್ಟವೂ ಅಲ್ಲ. ಕಾಯಿಪಪ್ಪಾಯಿಗಿಂತ ಕೊಂಚ ಹಣ್ಣಾದ ಪಪ್ಪಾಯಿಯನ್ನು ಗರ್ಭಕೋಶವೆಂದು ಭಾವಿಸಿ ಅಭ್ಯಾಸ ಮಾಡಿಸುವ ಪದ್ಧತಿ ಅನೇಕ ದೇಶಗಳಲ್ಲಿದೆ. ತೊಟ್ಟಿನ ಕಡೆಯಿಂದ ತೆಳ್ಳನೆಯ ಪ್ಲಾಸ್ಟಿಕ್ ನಳಿಗೆ ತೂರಿಸಿ, 60 ಮಿಲಿಲೀಟರಿನ ಸಿರಿಂಜಿನಲ್ಲಿ ಕೈಯಿಂದಲೇ ನಿರ್ವಾತ ಮಾಡಿ ಎಳೆದರೆ ಬೀಜಗಳು ಸರಸರನೆ ಬರುತ್ತವೆ. ಮೊದಲ ಸಲ ನಡುಗುವ ಕೈ ನಾಲ್ಕನೆಯ ಹಣ್ಣಿಗೆ ಹಗುರಾಗುತ್ತದೆ. ಮುಂದೆ ನಿಜವಾದ ಗರ್ಭಕೋಶದಲ್ಲಿ, ಕೆಲಸ ಮುಗಿಯುತ್ತ ಬಂದಂತೆ ನಳಿಗೆಯ ತುದಿಗೆ ಮರಳು ಒರೆಸಿದ ಹಾಗೆ ಕರಕರ ತಾಗುತ್ತದೆ, ಗರ್ಭಕೋಶ ಮುದುಡಿ ನಳಿಗೆಯನ್ನು ಹಿಡಿದುಕೊಳ್ಳುತ್ತದೆ, ಗುಲಾಬಿ ಬಣ್ಣದ ನೊರೆ ಬರುತ್ತದೆ. ಹೊರಬಂದದ್ದನ್ನು ನೀರಿನ ತಟ್ಟೆಯಲ್ಲಿ ತೇಲಿಸಿ, ಕೆಳಗಿನಿಂದ ಬೆಳಕು ಬಿಟ್ಟು ನೋಡಬೇಕು. ಹಿಂಜಿದ ಹತ್ತಿಯಂಥ ಎಳೆಗಳು ಕಾಣದಿದ್ದರೆ ಗರ್ಭವು ಗರ್ಭಕೋಶದ ಹೊರಗೆ, ಅಂಡನಾಳದಲ್ಲಿ ಕೂತಿರಬಹುದೆಂದು ಎಚ್ಚರಗೊಳ್ಳಬೇಕು. ಆ ತಟ್ಟೆಯ ಮುಂದೆ ಒಮ್ಮೆ ನಿಂತ ವಿದ್ಯಾರ್ಥಿ ಅದನ್ನು ಮರೆಯುವುದಿಲ್ಲ.

ಇಷ್ಟಿದ್ದೂ ಲೋಹದ ಕ್ಯುರೆಟ್ ಹಿಡಿದು ಕೆರೆಯುವ ಹಳೆಯ ‘ಡಿ ಅಂಡ್ ಸಿ’ ಇನ್ನೂ ಕೆಲವು ಕಡೆ ನಡೆದೇ ಇದೆ. ಅದನ್ನು ಬಿಡಿ, ನಿರ್ವಾತ ವಿಧಾನ ಅಥವಾ ಗುಳಿಗೆ ಬಳಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಗಸೂಚಿಯಲ್ಲೂ ಹೇಳಿದೆ. ಕೆರೆದು ಗರ್ಭಕೋಶದ ಗೋಡೆಗಳು ಅಂಟಿಕೊಂಡರೆ ಮುಂದಿನ ಬಸಿರೇ ಕಷ್ಟ. ಕಲಿಸುವವರು ತಾವು ಕಲಿತದ್ದನ್ನೇ ಕಲಿಸುತ್ತೇವೆ, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡ ಕರ್ನಾಟಕ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ್ ಅವರನ್ನು ಕನ್ನಡದ ಓದುಗರು ಮರೆತಿರಲಾರರು. 17 ವಾರಗಳ ಆ ಗರ್ಭ ಉಳಿಯುವುದಿಲ್ಲವೆಂದು ತಿಳಿದಿತ್ತು. ಭ್ರೂಣದ ಎದೆಬಡಿತ ಇದೆಯೆಂದು ಕಾದರು, ಅಷ್ಟರಲ್ಲಿ ಸೋಂಕು ರಕ್ತಕ್ಕೇರಿತು. ಗರ್ಭಪಾತವನ್ನು ನಿಷೇಧಿಸಿದ್ದ ಅಲ್ಲಿನ ಕಾನೂನಿನ ಭಯವನ್ನು ಎಲ್ಲರೂ ನೆನೆಯುತ್ತಾರೆ. ಸೋಂಕಿನ ಲಕ್ಷಣಗಳನ್ನು ಹೊತ್ತಿಗೆ ಸರಿಯಾಗಿ ಗುರುತಿಸಲಿಲ್ಲ ಎಂದೂ ತನಿಖೆಗಳು ಹೇಳಿದ್ದನ್ನು ನೆನೆಯುವವರು ಕಡಿಮೆ. ಆ ದೇಶ 2018ರಲ್ಲಿ ಜನಮತ ಪಡೆದು ಸಂವಿಧಾನವನ್ನೇ ತಿದ್ದಿತು. ಲಕ್ಷಣ ಗುರುತಿಸುವ ಕಣ್ಣನ್ನು ಮಾತ್ರ ಮತದಾನದಿಂದ ತರಲಾಗದು, ಅದು ವಾರ್ಡಿನಲ್ಲೇ ಬರಬೇಕು.

ಆತ್ಮಸಾಕ್ಷಿ ಒಪ್ಪದವರು ಗರ್ಭಪಾತ ಮಾಡುವುದು ಬೇಡ, ಅವರನ್ನು ಯಾರೂ ಬಲವಂತ ಮಾಡಬಾರದು. ಆದರೆ ತೊಡಕಾಗಿ ಬಂದವಳನ್ನು ಉಳಿಸುವುದನ್ನು ಕಲಿಯಲಾರೆ ಎನ್ನುವ ಹಕ್ಕು ವೈದ್ಯನಾಗಹೊರಟ ಯಾರಿಗೂ ಇಲ್ಲ.

ಮಾತಾಡುವುದನ್ನೂ ಕಲಿಸಬೇಕು. ಗುಳಿಗೆ ಕೊಟ್ಟು ‘ಸ್ವಲ್ಪ ರಕ್ತ ಹೋಗುತ್ತದೆ’ ಎಂದರೆ ಅವಳಿಗೇನು ತಿಳಿಯಬೇಕು? ಗಂಟೆಗೆ ಎರಡು ಪ್ಯಾಡ್ ತೊಯ್ದು, ಹಾಗೆಯೇ ಎರಡು ಗಂಟೆ ಮುಂದುವರಿದರೆ ಕೂಡಲೇ ಆಸ್ಪತ್ರೆಗೆ ಬಾ ಎಂದು ಅಳತೆಯಿಟ್ಟು ಹೇಳಬೇಕು. ‘ಮದುವೆಯಾಗಿದೆಯಾ?’ ಎಂದು ಹುಬ್ಬೇರಿಸಿ ಕೇಳುವ ಹೌಸ್ ಸರ್ಜನ್ನನಿಗೆ ಅವಳು ಮತ್ತೇನನ್ನೂ ಹೇಳುವುದಿಲ್ಲ.

ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದು ಮೇಜಿನ ಮೇಲೆ ಹಣ್ಣು ಮತ್ತು ಸಿರಿಂಜು, ಇನ್ನೊಂದರ ಮುಂದೆ ರೋಗಿಯಂತೆ ನಟಿಸುವ ಒಬ್ಬ ಹೆಂಗಸು, ಎರಡಕ್ಕೂ ಅಂಕ ಇಡಿ. ಅಂಕವಿಲ್ಲದ್ದನ್ನು ನಮ್ಮ ಮಕ್ಕಳು ಓದುವುದಿಲ್ಲ ಎಂಬುದು ಪಠ್ಯಕ್ರಮ ಬರೆಯುವವರಿಗೂ ಗೊತ್ತು.

– ನಿವೃತ್ತ ಪ್ರಸೂತಿ ಶಾಸ್ತ್ರ ಪ್ರಾಧ್ಯಾಪಕಿ