ಗೆಳೆಯನಿಗೊಂದು ಪತ್ರ: ‘ಬಾರ್ನ್ ಅಗೇನ್’ ಅಷ್ಟೊಂದು ಕೆಟ್ಟದ್ದಾ ಮಾರಾಯ?

ಪ್ರೀತಿಯ ಮಾರಾಯ,

ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಬ್ಲ್ಯಾಕ್ ಸಬ್ಬತ್‌ನ ‘ಬಾರ್ನ್ ಅಗೇನ್’ ಆಲ್ಬಮ್ ಬಗ್ಗೆ ನೀನು ಕಳಿಸಿದ ವಾಯ್ಸ್ ಮೆಸೇಜ್ ಕೇಳಿದೆ. ಸಬ್ಬತ್ತೂ ಅಲ್ಲ, ಡೀಪ್ ಪರ್ಪಲ್ಲೂ ಅಲ್ಲ, ಬರೀ ಕಲಬೆರಕೆ ಅಂತ ಚೆನ್ನಾಗಿ ಬೈದಿದ್ದೀಯ. ಫೋನಲ್ಲಿ ಉತ್ತರ ಕೊಟ್ಟರೆ ಮಧ್ಯದಲ್ಲೇ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಉಳಿದ ಗೆಳೆಯರೂ ಓದಲಿ ಅಂತ ಎಲ್ಲರೂ ನೋಡುವಲ್ಲೇ ಹಾಕಿದ್ದೇನೆ, ಸಿಟ್ಟಾಗಬೇಡ.

ಈ ಜೋಡಿ ಹುಟ್ಟಿದ್ದೇ ಒಂದು ತಮಾಷೆ. 1982ರಲ್ಲಿ ಸಬ್ಬತ್‌ನ ಗಾಯಕ ರಾನಿ ಜೇಮ್ಸ್ ಡಿಯೊ ಜಗಳ ಮಾಡಿಕೊಂಡು ಹೋದ ಮೇಲೆ ಗಿಟಾರಿನ ಟೋನಿ ಅಯೋಮಿ, ಬಾಸ್ ಗಿಟಾರಿನ ಗೀಜರ್ ಬಟ್ಲರ್ ಇಬ್ಬರಿಗೂ ಹಾಡುವವನೇ ಇಲ್ಲ. ಡೀಪ್ ಪರ್ಪಲ್‌ನಲ್ಲಿ (ಅದೂ ಇಂಗ್ಲೆಂಡಿನದ್ದೇ ರಾಕ್ ತಂಡ) ಹಾಡಿ ಹೆಸರು ಮಾಡಿದ್ದ ಇಯಾನ್ ಗಿಲ್ಲನ್ ಜೊತೆ ಒಂದು ಪಬ್ಬಿನಲ್ಲಿ ಕುಡಿಯಲು ಕೂತರು. ಏಳುವಷ್ಟರಲ್ಲಿ ಅವನು ಸಬ್ಬತ್ ಸೇರಿ ಆಗಿತ್ತು. ಮರುದಿನ ಮ್ಯಾನೇಜರ್ ಫೋನ್ ಮಾಡಿ ಬೈದಾಗಲೇ ಗಿಲ್ಲನ್‌ಗೆ ವಿಷಯ ಗೊತ್ತಾದದ್ದಂತೆ. ಹಳೆಯ ಡ್ರಮ್ಮರ್ ಬಿಲ್ ವಾರ್ಡ್ ಕೂಡ ವಾಪಸ್ ಬಂದ. 1983ರಲ್ಲಿ ಆಲ್ಬಮ್ ಬಂತು, ಇಂಗ್ಲೆಂಡಿನ ಪಟ್ಟಿಯಲ್ಲಿ 4ನೇ ಸ್ಥಾನಕ್ಕೂ ಏರಿತು. ಮರುವರ್ಷ ಗಿಲ್ಲನ್ ಮತ್ತೆ ಡೀಪ್ ಪರ್ಪಲ್‌ಗೇ ಹೋದ. ಇಷ್ಟೇ ಕಥೆ. ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಮಳೆ ಹಿಡಿದು ಎಲ್ಲಿಗೂ ಹೋಗಲಾಗದ ಒಂದು ಸಂಜೆ ಬದಿಯಡ್ಕದ ಮೈಕಿನ ಅಣ್ಣನ ಅಂಗಡಿಯಲ್ಲಿ ಇದನ್ನು ಪೂರ್ತಿ ಹಾಕಿದೆವು. ಅಣ್ಣನಿಗೆ ರಾಕ್ ಅಂದರೆ ಏನೂ ಇಲ್ಲ. ಅವನ ಕೆಲಸ ಮದುವೆ, ಯಕ್ಷಗಾನದ ಆಟ, ತೆಯ್ಯಂ, ಎಲೆಕ್ಷನ್. ಮೊದಲ ಹಾಡು ‘ಟ್ರ್ಯಾಶ್ಡ್’ ಅರ್ಧ ಆಗುವ ಮೊದಲೇ ಎದ್ದು ಸ್ಪೀಕರ್ ಹತ್ತಿರ ಕಿವಿ ಇಟ್ಟ. ವೈರ್ ಅಲ್ಲಾಡಿಸಿದ. ಟ್ರೆಬಲ್ ತಿರುಗಿಸಿದ. “ನಮ್ಮ ಬಾಕ್ಸಿನದ್ದಲ್ಲ, ಅಲ್ಲಿಯದ್ದೇ ಹೀಗೆ. ಮೇಲಿನದ್ದು ಏನೂ ಇಲ್ಲ, ಬರೀ ಬಾಸ್. ಟ್ವೀಟರ್ ಹೋಗಿರಬೇಕು ಇವರದ್ದು” ಅಂದ. ಟ್ವೀಟರ್ ಅಂದರೆ ಮೇಲಿನ ಸ್ವರದ ಸಣ್ಣ ಸ್ಪೀಕರ್.

ಮಾರಾಯ, ಅಯೋಮಿ ಹೇಳಿದ್ದೂ ಅದನ್ನೇ! ಸ್ಟುಡಿಯೋದಲ್ಲಿ ಗಿಲ್ಲನ್ ಟ್ರ್ಯಾಕ್‌ಗಳನ್ನು ತೀರಾ ಜೋರಾಗಿ ಹಾಕಿ ಟ್ವೀಟರ್ ಸುಟ್ಟುಹಾಕಿದ್ದ, ಯಾರೂ ಗಮನಿಸಲಿಲ್ಲ ಅಂತ. ಹಾಗಾಗಿ ಧ್ವನಿ ಮಂಕು ಅಂತ ಬೈಯುವವರ ಜೊತೆ ನನಗೆ ತಕರಾರಿಲ್ಲ. ‘ಕೆಸರೇ ಇದರ ಸೊಗಸು, ಕತ್ತಲೆ ಕತ್ತಲೆಯಾಗಿ ಕೇಳಿಸಬೇಕು ಅಂತಲೇ ಮಾಡಿದ್ದು’ ಅನ್ನುವ ಭಕ್ತರನ್ನು ಕಂಡರೇ ನನಗಾಗುವುದಿಲ್ಲ. ಕೆಟ್ಟ ಮಿಕ್ಸಿಂಗ್ ಕೆಟ್ಟ ಮಿಕ್ಸಿಂಗೇ. ಗಿಲ್ಲನ್ ಕೂಡ ಹಾಗೇ ಹೇಳುತ್ತಾನೆ. ಕವರ್ ನೋಡಿ ವಾಂತಿ ಬಂತು ಅಂದವನೂ ಅವನೇ ಅಲ್ವಾ? ಆ ಕವರ್, ಕೊಂಬು, ಕೋರೆಹಲ್ಲು, ಉಗುರು ಇರುವ ಕೆಂಪು ಮಗು, ಬೇಡ ಅನ್ನಲಿ ಅಂತಲೇ ಕಲಾವಿದ ಬೇಕಾಬಿಟ್ಟಿ ಗೀಚಿ ಕೊಟ್ಟದ್ದು. ಅಯೋಮಿ ನೋಡಿ ಭಾರಿ ಖುಷಿಪಟ್ಟ!

ಆದರೆ ನಿನ್ನ ದೂರು ಬೇರೆ. ಗಿಲ್ಲನ್ ಸ್ವರ ಸಬ್ಬತ್‌ಗೆ ಕೂರುವುದಿಲ್ಲ ಅಂತ. ಕುಂಬಳೆಯ ನಮ್ಮ ಚೆಂಡೆಯವನೂ ಅದನ್ನೇ ಹೇಳಿದ: “ಬಡಗಿನ ಭಾಗವತರನ್ನು ತಂದು ತೆಂಕಿನ ಮೇಳದಲ್ಲಿ ಕೂರಿಸಿದ ಹಾಗೆ ಉಂಟು.” ಬಡಗು, ತೆಂಕು ಅಂದರೆ ಯಕ್ಷಗಾನದ ಎರಡು ಬೇರೆ ಬೇರೆ ತಿಟ್ಟು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಊರಿನವನ ಮಾತು, ತೆಗೆದುಹಾಕುವ ಹಾಗಿಲ್ಲ. ಹಳೆಯ ಪದ್ಯಕ್ಕಾದರೆ ಅವನು ಹೇಳಿದ್ದು ಸರಿ. ಸಬ್ಬತ್‌ನ ಮೊದಲ ಗಾಯಕ ಓಝಿ ಹಾಡಿದ ‘ಐರನ್ ಮ್ಯಾನ್’ ಗಿಲ್ಲನ್ ಬಾಯಲ್ಲಿ ಒಗ್ಗುವುದಿಲ್ಲ. ತಾನು ಸಬ್ಬತ್‌ನ ಅತ್ಯಂತ ಕೆಟ್ಟ ಗಾಯಕ ಅಂತ ಅವನೇ ಹೇಳಿಕೊಂಡದ್ದುಂಟು. ಈ ಆಲ್ಬಮ್ಮಿನ ಹಾಡುಗಳು ಹಾಗಲ್ಲವಲ್ಲ. ಇವು ಅವನೇ ಕಂಡು, ಅವನೇ ಅನುಭವಿಸಿ ಬರೆದ ಸಂಗತಿಗಳು.

‘ಟ್ರ್ಯಾಶ್ಡ್’ ಯಾಕೆ ಬಂತು ಗೊತ್ತುಂಟಾ? ಆಕ್ಸ್‌ಫರ್ಡ್‌ಶೈರ್‌ನ ಮ್ಯಾನರ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್. ಉಳಿದವರೆಲ್ಲ ಮನೆಯೊಳಗೆ, ಗಿಲ್ಲನ್ ಮಾತ್ರ ಹೊರಗೆ ದೊಡ್ಡ ಟೆಂಟ್ ಹಾಕಿಕೊಂಡು ಇದ್ದ. ಒಂದು ರಾತ್ರಿ ಕುಡಿದು ಬಿಲ್ ವಾರ್ಡ್‌ನ ಕಾರು ತೆಗೆದುಕೊಂಡು ಅಲ್ಲೇ ಸುತ್ತು ಹೊಡೆದು ಮಗುಚಿ ಹಾಕಿದ. ಅದೇ ಹಾಡಾಯಿತು. ‘ಡಿಸ್ಟರ್ಬಿಂಗ್ ದ ಪ್ರೀಸ್ಟ್’ ಅಂದರೆ ಸೈತಾನನ ಕಥೆ ಅಂತ ಎಷ್ಟೋ ಜನ ನಂಬಿದ್ದಾರೆ. ಅಸಲಿಗೆ, ಗಲಾಟೆ ಜಾಸ್ತಿಯಾಯಿತು ಅಂತ ಊರಿನ ಪಾದ್ರಿ ದೂರು ಕೊಟ್ಟದ್ದು, ಅಷ್ಟೇ. ಅದರಲ್ಲಿ ಟಿಣ್ ಅಂತ ಶುರುವಾಗಿ ಬಾಗುತ್ತಾ ಹೋಗುವ ಒಂದು ಸದ್ದಿದೆ. ವಾರ್ಡ್ ಕಮ್ಮಾರರ ಅಡಿಗಲ್ಲು ಬಡಿದು, ಅದನ್ನು ಹಗ್ಗದಲ್ಲಿ ಮೆಲ್ಲ ನೀರಿಗೆ ಇಳಿಸಿ ಮಾಡಿದ್ದಂತೆ. ಇದನ್ನು ಹೇಳಿದ ಮೇಲೆ ಮೈಕಿನ ಅಣ್ಣ ಆ ತುಂಡನ್ನೇ ಮತ್ತೆ ಮತ್ತೆ ಹಾಕಿಸಿ ಕೇಳಿದ. ಆ ಹಾಡಿನ ಗಿಲ್ಲನ್‌ನ ಕಿರುಚಾಟ, ನಗು ಓಝಿಯಿಂದಲೂ ಆಗದು, ಡಿಯೊನಿಂದಲೂ ಆಗದು. ಬೇಕಿದ್ದರೆ ಜಗಳಕ್ಕೆ ಬಾ.

‘ಝೀರೊ ದ ಹೀರೊ’ ಬಗ್ಗೆ ನೀನು ಒಂದು ಮಾತೂ ಆಡಿಲ್ಲ. ಏಳೂವರೆ ನಿಮಿಷದ ಹಾಡು ಅಂತ ಕೇಳದೇ ಬಿಟ್ಟೆಯಾ? ಅಯೋಮಿಯ ರಿಫ್, ಅಂದರೆ ಮರಳಿ ಮರಳಿ ಬರುವ ಗಿಟಾರಿನ ತುಣುಕು, ಕಾಲೆಳೆದುಕೊಂಡು ನಡೆಯುತ್ತದೆ. ಅದರ ಮೇಲೆ ಗಿಲ್ಲನ್ ಹಾಡುವುದೇ ಇಲ್ಲ, ಮಾತನ್ನು ಪಟಪಟ ಉದುರಿಸುತ್ತಾನೆ. ನಿಧಾನದ ಮೇಲೆ ಆ ಅವಸರ. ನನಗಂತೂ ಆಲ್ಬಮ್ಮಿನ ತಿರುಳೇ ಅದು. ಪೆರ್ಲದ ಹುಡುಗ ಒಬ್ಬ ಬಂದಿದ್ದ, ಬೆಳಿಗ್ಗೆಯಿಂದ ರಾತ್ರಿವರೆಗೆ ಮೆಟಲ್ ಕೇಳುವವನು. ಅವನ ತೀರ್ಪು: “ಪಾಟು ಅಡಿಪೊಳಿ, ಸೌಂಡ್ ಮೋಶಂ.” ಮಲಯಾಳದಲ್ಲಿ ಅಂದದ್ದು: ಹಾಡು ಭರ್ಜರಿ, ಸೌಂಡ್ ಕೆಟ್ಟದ್ದು. ನಾನು ಇಷ್ಟುದ್ದ ಬರೆದದ್ದನ್ನು ಅವನು ನಾಲ್ಕೇ ಮಾತಿನಲ್ಲಿ ಮುಗಿಸಿದ!

ಗಾಯಕನದ್ದು ತಪ್ಪಾ, ಮಿಕ್ಸಿಂಗಿನದ್ದಾ ಅಂತ ನೋಡಲು ಒಂದು ದಾರಿ ಉಂಟು. 2011ರಲ್ಲಿ ಬಂದ ಎರಡು ಸಿಡಿಯ ಆವೃತ್ತಿ ಹುಡುಕು. ಎರಡನೇ ಸಿಡಿಯಲ್ಲಿ 1983ರ ರೆಡಿಂಗ್ ಉತ್ಸವದ ಲೈವ್ ಇದೆ. ವಾರ್ಡ್ ಮತ್ತೆ ಕುಡಿತಕ್ಕೆ ಬಿದ್ದು ಟೂರಿಗೆ ಬರಲಾಗದೆ ಅಲ್ಲಿ ಬೆವ್ ಬೆವನ್ ಡ್ರಮ್ಸ್ ಬಾರಿಸಿದ್ದಾನೆ. ಕೆಸರು ಕಡಿಮೆ, ಸ್ವರ ಸ್ಪಷ್ಟ. ಅದೇ ಕಾರ್ಯಕ್ರಮದಲ್ಲಿ ಸಬ್ಬತ್‌ನವರು ಡೀಪ್ ಪರ್ಪಲ್ಲಿನ ಹಾಡು ‘ಸ್ಮೋಕ್ ಆನ್ ದ ವಾಟರ್’ ನುಡಿಸಿದ್ದೂ ಇದೆ. ಅದನ್ನು ಕೇಳಿ ನೀನು ಇನ್ನಷ್ಟು ಬೈಯುತ್ತೀಯ, ಗೊತ್ತು. ಬೈ. ಹೊಸ ಹಾಡುಗಳನ್ನು ಮಾತ್ರ ಬೇರೆಯಾಗಿ ಕೇಳು.

ಕುಂಬಳೆ ಬೆಡಿಗೆ (ಜಾತ್ರೆಯ ಸಿಡಿಮದ್ದಿಗೆ) ಬರುತ್ತೀಯಲ್ಲ, ಆಗ ಅಣ್ಣನ ದೊಡ್ಡ ಬಾಕ್ಸಿನಲ್ಲೇ ಹಾಕಿಸೋಣ. ಟ್ರೆಬಲ್ ಎಷ್ಟು ಏರಿಸಬೇಕು ಅಂತ ಅವನು ಆಗಲೇ ಲೆಕ್ಕ ಹಾಕಿ ಇಟ್ಟಿದ್ದಾನೆ. ಮತ್ತೆ, ‘ಡಿಜಿಟಲ್ ಬಿಚ್’ ಬಗ್ಗೆ ನೀನು ಬೈದದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅದನ್ನು ನಾನೂ ದಾಟಿಸಿಯೇ ಕೇಳುವುದು.

ನಿನ್ನ,
ಬದಿಯಡ್ಕದವ